ಏಕಪಥದ ರೈಲುಮಾರ್ಗದಲ್ಲಿ ಆಜ್ಞೆಯ ಪ್ರಾಮಾಣ್ಯ

ಧೂಮಶಕಟಗಳ ಚರಿತ್ರೆಯು ಯಂತ್ರಗಳ ಚರಿತ್ರೆ ಮಾತ್ರವೆಂದು ಬಹುಜನರು ಭಾವಿಸುವರು. ಆದರೆ ಅದರಲ್ಲಿ ಶಬ್ದಪ್ರಾಮಾಣ್ಯದ ವಿಚಾರವೂ ಅಡಗಿರುವುದು. ಎದುರುಬದುರಾಗಿ ಬರುವ ಬಂಡಿಗಳು ಒಂದೇ ಜೊತೆ ಹಳಿಗಳ ಮೇಲೆ ಸಂಚರಿಸುವ ಏಕಪಥದಲ್ಲಿ, ಹೊರಡಬಹುದೆಂಬ ಆಜ್ಞೆಯು ಯಾರಿಂದ ಬಂದಿತು, ಅದು ಪ್ರಮಾಣವೆಂದು ನಿರ್ಣಯಿಸುವುದು ಹೇಗೆ ಎಂಬುದೇ ಪ್ರಾಣಗಳ ಪ್ರಶ್ನೆಯಾಗಿದ್ದಿತು.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ನಾರ್ವಿಚ್ ಮತ್ತು ಬ್ರಂಡಲ್ ಸ್ಟೇಷನ್ನುಗಳ ನಡುವೆ ಸುಮಾರು 6 ಮೈಲಿಗಳ ಏಕಪಥವಿದ್ದಿತು. ಯಾರ್ಮತ್ ಪಟ್ಟಣದಿಂದ ಬರುವ ಟಪ್ಪಾಲುಬಂಡಿಯು ಬ್ರಂಡಲಿನಲ್ಲಿ ನಿಂತು, ಲಂಡನ್ನಿನಿಂದ ಬರುವ ಎಕ್ಸ್‌ಪ್ರೆಸ್ ಬಂಡಿಯು ದಾಟಿದ ಮೇಲೆ ಮುಂದುವರಿಯುವುದು ವಾಡಿಕೆ. ಎಕ್ಸ್‌ಪ್ರೆಸ್ಸು ತಡವಾದರೆ ಟಪ್ಪಾಲುಬಂಡಿಯನ್ನು ಮೊದಲು ಕರೆಯಿಸಿಕೊಳ್ಳಬಹುದಾಗಿತ್ತು. ಆದರೆ ಆ ತಂತಿಯಾಜ್ಞೆಗೆ ಅಧಿಕಾರಿಯ ರುಜುವಿರಬೇಕೆಂಬುದು ನಿಯಮ. 1874ನೆಯ ಸೆಪ್ಟೆಂಬರ್ 10ರ ರಾತ್ರಿ ನಾರ್ವಿಚ್ಚಿನ ಇನ್‌ಸ್ಪೆಕ್ಟರನು ಬಾಯಿಮಾತಿನಲ್ಲಿ ಹೇಳಿದುದನ್ನು ಆಜ್ಞೆಯೆಂದು ಗ್ರಹಿಸಿದ ತಂತಿಯ ಗುಮಾಸ್ತನು, ಟಪ್ಪಾಲುಬಂಡಿಯನ್ನು ಬಿಡುವಂತೆ ರುಜುವಿಲ್ಲದ ತಂತಿಯನ್ನು ಕಳುಹಿಸಿದನು. ಇತ್ತ ಇನ್‌ಸ್ಪೆಕ್ಟರನು ಎಕ್ಸ್‌ಪ್ರೆಸ್ಸನ್ನು ಹೊರಡಿಸಿಬಿಟ್ಟನು. ತಪ್ಪು ತಿಳಿದು ತಡೆಯಲು ಯತ್ನಿಸುವಷ್ಟರಲ್ಲಿ, ಟಪ್ಪಾಲುಬಂಡಿಯು ಆಗಲೇ ಹೊರಟಿತೆಂಬ ಉತ್ತರವು ಬ್ರಂಡಲಿನಿಂದ ಬಂದಿತು. ಕತ್ತಲಲ್ಲಿ ಎರಡೂ ಮುಖಾಮುಖಿಯಾಗಿ ಸಂಘಟ್ಟಿಸಲು 25 ಮಂದಿ ಮೃತರಾದರು.

ಯಾಜ್ಞವಲ್ಕ್ಯಸ್ಮೃತಿಯು ದಾನಶಾಸನಕ್ಕೆ ರಾಜನ ಮುದ್ರೆ, ಹಸ್ತಾಕ್ಷರ, ಕಾಲ ಇವುಗಳನ್ನು ವಿಧಿಸಿರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಅಂಕಿತವಿಲ್ಲದ ತಂತಿಯನ್ನು ಪ್ರಮಾಣವೆಂದು ಸ್ವೀಕರಿಸಿದುದೇ ಇಲ್ಲಿ ಅನರ್ಥಕ್ಕೆ ಮೂಲವಾಯಿತು. ಹಾಗೆಂದು ಅಂಕಿತವೊಂದೇ ಸಾಲದು. ಒಬ್ಬ ಅಧಿಕಾರಿಯೇ ಪರಸ್ಪರ ವಿರುದ್ಧವಾದ ಎರಡು ಆಜ್ಞೆಗಳಿಗೆ ರುಜು ಹಾಕುವುದು ಅಸಂಭವವಲ್ಲ.

ಎಡ್ವರ್ಡ್ ಟೈಯರನು 1878ರಲ್ಲಿ ಹಕ್ಕುಪತ್ರ ಪಡೆದ ಬಿಲ್ಲೆಯ ಯಂತ್ರವು ಈ ದೋಷವನ್ನು ಪರಿಹರಿಸಿತು. ಪಥದ ಎರಡು ತುದಿಗಳಲ್ಲಿಯೂ ವಿದ್ಯುತ್ತಂತಿಯಿಂದ ಬಂಧಿತವಾದ ಒಂದೊಂದು ಪೆಟ್ಟಿಗೆ. ಅವುಗಳಲ್ಲಿ ಹಲವು ಬಿಲ್ಲೆಗಳು. ಒಂದು ತುದಿಯವನು ಬಿಲ್ಲೆಯನ್ನು ತೆಗೆಯಲು ಇನ್ನೊಂದು ತುದಿಯವನ ಸಮ್ಮತಿ ಬೇಕು. ಒಂದು ಹೊರಬಂದರೆ, ಅದನ್ನು ಎರಡರಲ್ಲೊಂದು ಪೆಟ್ಟಿಗೆಗೆ ಹಿಂದಿರುಗಿಸುವವರೆಗೆ ಮತ್ತೊಂದು ಹೊರಬಾರದು. ಬಿಲ್ಲೆಯು ಕೈಯಲ್ಲಿಲ್ಲದೆ ಚಾಲಕನು ಆ ಪಥವನ್ನು ಪ್ರವೇಶಿಸಲಾಗದು. ಇದೇ ತತ್ತ್ವದ ನೀಲ್ ಎಂಬುವನ ಯಂತ್ರದಲ್ಲಿ ಬಿಲ್ಲೆಗೆ ಬದಲಾಗಿ ಉಕ್ಕಿನ ಗುಂಡು. ಭಾರತದ ಏಕಪಥಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿದ್ದಿತು.

ಇದರಿಂದ ಫಲಿತವಾಗುವುದಿಷ್ಟು: ತಂತಿಯ ಆಜ್ಞೆಯು ಕೇಳಿದವನ ಗ್ರಹಿಕೆಯನ್ನೂ ಕಳುಹಿಸಿದವನ ಎಚ್ಚರವನ್ನೂ ಅವಲಂಬಿಸಿದ್ದಿತು. ಟೈಯರನು ಅದೇ ಆಜ್ಞೆಯನ್ನು ಕೈಗೆ ಸಿಕ್ಕುವ ದ್ರವ್ಯವನ್ನಾಗಿ ಮಾಡಿ, ಒಂದೇ ಕಾಲದಲ್ಲಿ ಇಬ್ಬರು ಚಾಲಕರಿಗೆ ದೊರೆಯದಂತೆ ಬಂಧಿಸಿದನು.