ಕಿರಮಂಜಿ: ನಾನು ಹೊಡೆದುಹಾಕಿದ ಒಂದು ಶಬ್ದ



ನಾನು ಸೇವೆಯಲ್ಲಿದ್ದ ಕಾಲದ ಮಾತು. ಕೊಕಟನೂರ ಯಲ್ಲಮ್ಮನ ಜಾತ್ರೆಯನ್ನು ಕುರಿತು ನಿಬಂಧ ಬರೆಯಲು ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗಿ ತನ್ನ ಅಜ್ಜಿಯುಟ್ಟ ಇಳಕಲ್ಲ ಸೀರೆಯನ್ನು ವರ್ಣಿಸುತ್ತ, ಅದರ ಸೆರಗು ‘ಕಿರಮಂಜಿ ಬಣ್ಣದ್ದು’ ಎಂದು ಬರೆದಿದ್ದಳು. ನಾನು ಆ ಶಬ್ದವನ್ನು ಹೊಡೆದುಹಾಕಿ, ಮೇಲೆ ‘ಕಡುಗೆಂಪು’ ಎಂದು ಬರೆದು, ಅರ್ಧ ಅಂಕ ಕಳೆದೆ. “ನಮ್ಮ ಆಯಿ ಹಂಗ ಅಂತಾಳ್ರೀ ಸರ” ಎಂದಳು. “ಅದು ಮರಾಠಿ. ಕನ್ನಡದಾಗ ಬರಿ” ಎಂದು ಗದರಿದೆ. ಗಡಿಭಾಗದ ಕನ್ನಡ ಶಿಕ್ಷಕರಾದ ನಮಗೆ ನೆರೆಭಾಷೆಯ ಶಬ್ದವೆಂದರೆ ಆಗ ಮೈಯೆಲ್ಲ ಕಣ್ಣು. ನಿವೃತ್ತಿಯ ಬಳಿಕ ನಿಘಂಟುಗಳನ್ನು ಸಾವಧಾನವಾಗಿ ಓದುವಾಗ ತಪ್ಪು ನನ್ನದೆಂದು ತಿಳಿಯಿತು.

ಮರಾಠಿಯಲ್ಲಿ ಈ ಬಣ್ಣಕ್ಕೆ ‘ಕಿರಮಿಜಿ’ ಎನ್ನುವುದು ನಿಜ, ಹಿಂದಿಯಲ್ಲಿಯೂ ಅದುಂಟು. ಆದರೆ ಶಬ್ದ ಅವರ ಸ್ವಂತದ್ದೂ ಅಲ್ಲ. ಅರಬ್ಬಿಯ ‘ಕಿರ್ಮಿಜ್’ ಇದರ ಮೂಲ. ಅದರ ಹಿಂದೆ ಪಾರಸಿಯ ‘ಕಿರ್ಮ್’, ಅರ್ಥಾತ್ ಹುಳು. ಅದು ಸಂಸ್ಕೃತದ ‘ಕೃಮಿ’ಯ ಒಡಹುಟ್ಟು. ಅದೇ ಅರಬ್ಬಿ ಶಬ್ದವು ಪಶ್ಚಿಮಕ್ಕೆ ಸಾಗಿ ಇಂಗ್ಲಿಷಿನ ‘ಕ್ರಿಮ್ಸನ್’ ಮತ್ತು ‘ಕಾರ್ಮೈನ್’ ಆಯಿತು. ಹೀಗಿರಲು ಕಿರಮಂಜಿಯನ್ನು ಯಾವ ಗಡಿಯಾಚೆ ಅಟ್ಟುವುದು?

ಬಣ್ಣಕ್ಕೆ ಹುಳುವಿನ ಹೆಸರೇಕೆಂದರೆ, ಬಣ್ಣ ಬರುತ್ತಿದ್ದುದೇ ಹುಳುವಿನಿಂದ. ಭೂಮಧ್ಯ ಸಮುದ್ರದ ಸುತ್ತಲಿನ ಓಕ್ ಗಿಡಗಳ ಮೇಲಿನ ಕೀಟಗಳನ್ನು ಒಣಗಿಸಿ ರೇಷ್ಮೆಗೂ ಉಣ್ಣೆಗೂ ಬಣ್ಣ ಕಟ್ಟುತ್ತಿದ್ದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋದಿಂದ ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟದ ಬಣ್ಣವನ್ನು ತಂದರು. ಒಂದು ಪೌಂಡು ಬಣ್ಣದ ಸರಕಿಗೆ ಸುಮಾರು 70,000 ಒಣ ಕೀಟಗಳು ಬೇಕಾಗುತ್ತಿದ್ದುವು! ಬೆಲೆ ಹೇಗಿದ್ದಿರಬೇಕೆಂದು ನೀವೇ ಊಹಿಸಿರಿ.

ಆ ಲಾಭದ ಆಸೆಯಿಂದ 1795ರಲ್ಲಿ ಬ್ರೆಜಿಲಿನಿಂದ ಕೀಟಗಳನ್ನು ಭಾರತಕ್ಕೆ ತರಿಸಲಾಯಿತು. ಬಂದುದು ಮಾತ್ರ ಉತ್ತಮ ಜಾತಿಯದಲ್ಲ, ಕಾಡು ಜಾತಿಯದು. ಅದು ಒಳ್ಳೆಯ ಬಣ್ಣ ಕೊಡಲಿಲ್ಲ. ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಇನ್ನೊಂದು ಬಗೆಯ ಕಳ್ಳಿಯ ಹಾವಳಿಯನ್ನು ತಡೆಯಲು 1926ರಲ್ಲಿ ಶ್ರೀಲಂಕೆಯಿಂದ ಬೇರೊಂದು ಜಾತಿಯ ಕೀಟವನ್ನು ಬೇಕೆಂದೇ ತರಲಾಯಿತು. ಹೊಲದ ಬದುವಿನ ಡಬ್ಬಗಳ್ಳಿಯ ಮೇಲೆ ಹತ್ತಿಯಂತೆ ಅಂಟಿದ ಬಿಳಿ ಬೂಷ್ಟನ್ನು ಬೆರಳಿನಿಂದ ಹಿಸುಕಿ, ಹಣೆಗೆ ಹಚ್ಚಿಕೊಂಡು ಆಡಿದವರು ನಿಮ್ಮಲ್ಲಿ ಇಲ್ಲವೇ? ಆಗ ಬೆರಳಿಗೆ ಹತ್ತಿದ್ದೇ ಕಿರಮಂಜಿ.

ಈ ಹುಳುವಿನ ಬಣ್ಣ ಹತ್ತಿಯ ನೂಲಿಗೆ ಸುಲಭವಾಗಿ ಹಿಡಿಯುವುದಿಲ್ಲ. ಹತ್ತಿಗೆ ಮಂಜಿಷ್ಠ, ಸುರಂಜಿ ಮೊದಲಾದ ಬೇರುಗಳ ಕೆಂಪನ್ನು ಪಟಿಕದ ನೆರವಿನಿಂದ ಕಟ್ಟುತ್ತಿದ್ದರು. ಇಳಕಲ್ಲ ಸೀರೆಯ ಮೈ ಹತ್ತಿಯದಾದರೂ ಸೆರಗು ಕೆಂಪು ರೇಷ್ಮೆಯದು. ಮೈಗೆ ಒಂದು ಹೆಸರು, ಸೆರಗಿಗೆ ಮತ್ತೊಂದು ಹೆಸರು ಅಜ್ಜಿಯರ ಬಾಯಲ್ಲಿ ಇದ್ದುದರಲ್ಲಿ ಆಶ್ಚರ್ಯವಿಲ್ಲ. 1869ರ ಸುಮಾರಿಗೆ ಜರ್ಮನಿಯಲ್ಲಿ ಮಂಜಿಷ್ಠದ ಬಣ್ಣವನ್ನೇ ರಾಸಾಯನಿಕವಾಗಿ ತಯಾರಿಸಿದರು. ಮುಂದೆ ಡಬ್ಬಿಯ ಬಣ್ಣಗಳು ಬಂದು ಬೇರೂ ಹುಳುವೂ ಮೂಲೆಗೆ ಸರಿದುವು. ಹೆಸರು ಮಾತ್ರ ಕೆಲಕಾಲ ಉಳಿಯಿತು.

‘ಕಡುಗೆಂಪು’ ನಮ್ಮ ಅಚ್ಚ ಶಬ್ದ. ಆದೇಶ ಸಂಧಿಗೆ ಅದನ್ನು ಎಷ್ಟು ಸಲ ಉದಾಹರಿಸಿರುವೆನೋ! ಆದರೆ ಅದು ಕೆಂಪು ಎಷ್ಟು ಗಾಢ ಎಂಬುದನ್ನಷ್ಟೇ ಹೇಳುತ್ತದೆ. ಕುಂಕುಮದ ಕೆಂಪಿನಲ್ಲಿ ಹಳದಿಯ ಛಾಯೆಯಿದ್ದರೆ ಕಿರಮಂಜಿಯಲ್ಲಿ ನೀಲಿಯ ಛಾಯೆಯಿದೆ, ಚೆನ್ನಾಗಿ ಹಣ್ಣಾದ ದಾಳಿಂಬೆಯ ಕಾಳಿನಂತೆ. ಹುಡುಗಿ ಕಂಡುದನ್ನು ಕಂಡಂತೆ ಬರೆದಿದ್ದಳು. ನನ್ನ ತಿದ್ದುಪಡಿಯಿಂದ ವಾಕ್ಯ ಬಡವಾಯಿತು.

ಈಗ ಅಂಗಡಿಯಲ್ಲಿ ಎಲ್ಲರೂ ‘ಮರೂನ್’ ಎನ್ನುತ್ತಾರೆ. ಅದು ಫ್ರೆಂಚರ ಒಂದು ಕಾಯಿಯ ಹೆಸರು; ಅದನ್ನು ಯಾವ ಶಿಕ್ಷಕನೂ ಹೊಡೆದುಹಾಕಿದಂತೆ ಕಾಣೆ.

ನಿಮ್ಮ ಮನೆಯ ಹಿರಿಯರು ಸೀರೆಯ ಬಣ್ಣಗಳಿಗೆ ಹೇಳುತ್ತಿದ್ದ ಹೆಸರುಗಳು ನೆನಪಿದ್ದರೆ ನನಗೆ ಬರೆದು ತಿಳಿಸಿರಿ. ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ಅರ್ಧ ಅಂಕ ನಿನ್ನದೇ, ತಂಗಿ.