ಎಪ್‌ವರ್ತ್‌ನ ಗುರುನಿವಾಸ

ನಿಮ್ಮ ಧರ್ಮಕೇಂದ್ರದ ಗುರುನಿವಾಸದಲ್ಲಿ ನೀವು ಕಂಡಿರುವುದು ಬಹುಶಃ ಮುಂಭಾಗದ ಕಚೇರಿ, ಹಳೆಯ ರಿಜಿಸ್ಟರುಗಳು ಮತ್ತು ಕಾಯುವ ಬೆಂಚು ಮಾತ್ರ. ಆಂಗ್ಲಿಕನ್ ಸಭೆಯಲ್ಲಿ ಗುರುಗಳು ವಿವಾಹವಾಗಬಹುದಾದ್ದರಿಂದ ಅಲ್ಲಿನ ಗುರುನಿವಾಸ ಒಂದು ಸಂಸಾರದ ಮನೆಯೂ ಹೌದು. ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತ್ಯದ ಎಪ್‌ವರ್ತ್‌ನಲ್ಲಿ ಅಂಥದೊಂದು ಮನೆಯಿದೆ. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ 1703ರಲ್ಲಿ, ಗೀತಕಾರ ಚಾರ್ಲ್ಸ್ ವೆಸ್ಲಿ 1707ರಲ್ಲಿ ಜನಿಸಿದ್ದು ಆ ಊರಿನಲ್ಲಿ. ಮೈಸೂರಿನ ವೆಸ್ಲಿ ಮುದ್ರಣಾಲಯದ ಹೆಸರು ಬಲ್ಲವರಿಗೆ ಇವರು ಅಪರಿಚಿತರಲ್ಲ.

ಅವರು ಹುಟ್ಟಿದ ಕಟ್ಟಡ ಈಗಿಲ್ಲ. ಅದು ಮರದ ಚೌಕಟ್ಟಿಗೆ ಗಾರೆ ಮೆತ್ತಿ ಹುಲ್ಲು ಹೊದಿಸಿದ ಮೂರಂತಸ್ತಿನ ಮನೆ. 1709ರ ಫೆಬ್ರುವರಿ 9ರ ರಾತ್ರಿ ಬೆಂಕಿ ಹತ್ತಿತು. ಐದು ವರ್ಷದ ಜಾನ್ ಮೇಲೆ ಸಿಕ್ಕಿಬಿದ್ದಿದ್ದ. ಏಣಿ ತರುವಷ್ಟು ವ್ಯವಧಾನವಿರಲಿಲ್ಲ. ಒಬ್ಬನ ಹೆಗಲೇರಿ ಇನ್ನೊಬ್ಬ ನಿಂತು ಕಿಟಕಿಯಿಂದ ಬಾಲಕನನ್ನು ಸೆಳೆದುಕೊಂಡ; ಅಷ್ಟರಲ್ಲಿ ಚಾವಣಿ ಕುಸಿಯಿತು. ತಂದೆ ಸ್ಯಾಮ್ಯುಯೆಲರ ಗ್ರಂಥಗಳು, ಹಸ್ತಪ್ರತಿಗಳು ಬೂದಿಯಾದವು.

ಈ ಸ್ಯಾಮ್ಯುಯೆಲ್ ಸಾಲಕ್ಕಾಗಿ 1705ರಲ್ಲಿ ಸೆರೆಮನೆ ಕಂಡವರು. ಆದರೂ ಸುಮಾರು 400 ಪೌಂಡು ವೆಚ್ಚದಲ್ಲಿ ಮನೆಯನ್ನು ಪುನಃ ಕಟ್ಟಿಸಿದರು, ಈ ಬಾರಿ ಇಟ್ಟಿಗೆಯಲ್ಲಿ. ಸಾಲಾಗಿ ಜೋಡಿಸಿದ ಕಿಟಕಿಗಳ, ರಾಣಿ ಆ್ಯನ್ ಕಾಲದ ಆ ಸೌಮ್ಯ ಕಟ್ಟಡವೇ ಇಂದಿಗೂ ನಿಂತಿದೆ. ಅದರ ಅಟ್ಟದಲ್ಲಿ 1716ರ ಚಳಿಗಾಲದಲ್ಲಿ ದೆವ್ವದ ಸದ್ದು ಕೇಳಿತೆಂಬ ಕಥೆಯೂ ಉಂಟು. ಪ್ರವಾಸಿಗರಿಗೆ ಅದೇ ಪ್ರಿಯ.

ನನಗಾದರೋ ಅಡುಗೆಮನೆಯೇ ಮುಖ್ಯ. 1711-12ರ ಚಳಿಗಾಲದಲ್ಲಿ ಪತಿ ಲಂಡನ್ನಿನಲ್ಲಿದ್ದಾಗ ತಾಯಿ ಸುಸಾನಾ ಭಾನುವಾರ ಸಂಜೆ ಮಕ್ಕಳಿಗೂ ಸೇವಕರಿಗೂ ಪ್ರಾರ್ಥನೆ, ಪ್ರಬೋಧನೆ ಓದತೊಡಗಿದರು. ನೆರೆಯವರು ಬಂದರು, ಸಂಖ್ಯೆ ಇನ್ನೂರು ಮೀರಿತು. ಸಹಾಯಕ ಗುರು ದೂರು ಬರೆದರು. ನಿಲ್ಲಿಸಬೇಕಾದರೆ ಸ್ಪಷ್ಟ ಆಜ್ಞೆಯನ್ನೇ ಕಳುಹಿಸಿ ಎಂದು ಆಕೆ ಪತಿಗೆ ಉತ್ತರಿಸಿದರು. ಓದು ಚೆನ್ನಾಗಿ ಬರುವ ಮೊದಲು ಹೆಣ್ಣುಮಗುವನ್ನು ಮನೆಗೆಲಸಕ್ಕೆ ಹಚ್ಚಬಾರದೆಂಬುದೂ ಆಕೆಯದೇ ನಿಯಮ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ!

ಗುರುನಿವಾಸ ಹುದ್ದೆಗೆ ಸೇರಿದ್ದು, ಕಟ್ಟಿಸಿದವನಿಗಲ್ಲ. ತಂದೆಯ ಸ್ಥಾನಕ್ಕೆ ಬರಲು ಜಾನ್ ಮೊದಲು ಒಪ್ಪಲಿಲ್ಲ. 1735ರಲ್ಲಿ ಸ್ಯಾಮ್ಯುಯೆಲ್ ತೀರಿಕೊಂಡಾಗ ವಿಧವೆ ಸುಸಾನಾ ಮನೆ ತೆರವು ಮಾಡಬೇಕಾಯಿತು. ಬೆಂಕಿಯಿಂದ ಉಳಿದವರು ಹೀಗೆ ಚದುರಿದರು. 1742ರಲ್ಲಿ ಊರಿಗೆ ಬಂದ ಜಾನ್‌ಗೆ ದೇವಾಲಯದ ಪ್ರಬೋಧನಾ ಪೀಠ ನಿರಾಕರಿಸಲಾಯಿತು. ಆತ ಅಂಗಳಕ್ಕೆ ಹೋಗಿ ತಂದೆಯ ಸಮಾಧಿಗಲ್ಲಿನ ಮೇಲೆ ನಿಂತು ಬೋಧಿಸಿದರು.

ಮನೆಯನ್ನು ವಿಶ್ವ ಮೆಥೊಡಿಸ್ಟ್ ಮಂಡಳಿ 1954ರಲ್ಲಿ ಕೊಂಡು, ದುರಸ್ತಿ ಮಾಡಿಸಿ, 1957ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸುಸಾನಾಳ ಅಡುಗೆಮನೆಯನ್ನು ಈಗ ಯಾರಾದರೂ ಹೊಕ್ಕು ನೋಡಬಹುದು.