ಜೋಳದ ಋಣ, ಮನೆಯ ದೇವರು: ಬೆಳ್ವೊಲ–ಪುಲಿಗೆರೆ ನಾಡಿನ ಯೋಧರ ಧರ್ಮಾಚರಣೆ

1191ರ ಜೂನ್ ತಿಂಗಳ ಸೂರ್ಯಗ್ರಹಣದಂದು ದೇವಗಿರಿಯ ಯಾದವ ದೊರೆ ಐದನೆಯ ಭಿಲ್ಲಮ ಗದಗಿನ ತ್ರಿಕೂಟೇಶ್ವರನಿಗೆ ಹಿರಿಯ ಹಂದಿಗೋಳವನ್ನು ದತ್ತಿ ಬಿಟ್ಟ. ಆಗ ಅವನ ಬೀಡು ಹೇರೂರಿನಲ್ಲಿತ್ತು. ಮರುವರ್ಷ ನವೆಂಬರಿನ ಚಂದ್ರಗ್ರಹಣದಂದು ಹೊಯ್ಸಳ ಇಮ್ಮಡಿ ವೀರಬಲ್ಲಾಳ ಅದೇ ತ್ರಿಕೂಟೇಶ್ವರನಿಗೆ ಹೊಂಬಳಲು ಎಂಬ ಊರನ್ನು ಕೊಟ್ಟ. ಈ ಇಬ್ಬರ ಸೇನೆಗಳು ಸೊರಟೂರಿನ ಬಯಲಿನಲ್ಲಿ, ಲೊಕ್ಕಿಗುಂಡಿಯ (ಇಂದಿನ ಲಕ್ಕುಂಡಿ) ಕೋಟೆಯ ಬುಡದಲ್ಲಿ ಹೊಡೆದಾಡಿದ ಕಾಲವದು. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಸೋಲಿಸಿ ಕುಂತಳವನ್ನು ಕೈವಶ ಮಾಡಿಕೊಂಡೆನೆಂದು ಬಲ್ಲಾಳನ ಶಾಸನ ಹೇಳಿಕೊಳ್ಳುತ್ತದೆ. ಆದರೆ ಎರಡೂ ದತ್ತಿಗಳನ್ನು ಕೈಯೊಡ್ಡಿ ಪಡೆದ ಆಚಾರ್ಯ ಒಬ್ಬನೇ: ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ. ಗೆದ್ದವನು ಸೋತವನ ದೇವರನ್ನು ಬದಲಿಸಲಿಲ್ಲ, ಅವನ ಪೂಜಾರಿಯನ್ನೂ ಬದಲಿಸಲಿಲ್ಲ. ಊರಿನ ದೇವರೆದುರು ಎರಡು ಸೇನೆಗಳೂ ಸರದಿಯಂತೆ ಬಂದು ತಲೆಬಾಗಿ ಹೋದವು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆ ಹಿಂದೆ ಬಹುಪಾಲು ಬೆಳ್ವೊಲ-300, ಪುಲಿಗೆರೆ-300 ಎಂಬ ಆಡಳಿತ ವಿಭಾಗಗಳಿಗೆ ಸೇರಿತ್ತು. ಕಪ್ಪು ನೆಲದ ಈ ನಾಡಿಗಾಗಿ ರಾಷ್ಟ್ರಕೂಟರು, ಚಾಳುಕ್ಯರು, ಚೋಳರು, ಯಾದವರು, ಹೊಯ್ಸಳರು ಕಾದಾಡಿದರು. ಸೇನೆಗಳು ಹಾದುಹೋದಲ್ಲೆಲ್ಲ ಕಲ್ಲುಗಳು ನಿಂತವು. ಸೈನ್ಯದಲ್ಲಿದ್ದವನ ನಂಬಿಕೆಗೂ ಅವನ ಒಡೆಯನ ನಂಬಿಕೆಗೂ ಇದ್ದ ಸಂಬಂಧವನ್ನು ಆ ಕಲ್ಲುಗಳ ಸಾಕ್ಷ್ಯದಿಂದ ವಿವರಿಸುವುದು ಈ ಲೇಖನದ ಮುಖ್ಯ ಕೆಲಸ. ಇಂದಿನ ಭಾರತೀಯ ಸೇನೆಯಲ್ಲಿ ಧರ್ಮಾಚರಣೆಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿರುವ ಹೊತ್ತಿನಲ್ಲಿ ಈ ಹಳೆಯ ಸಾಕ್ಷ್ಯವನ್ನು ಇತಿಹಾಸಕಾರರು ಬದಿಗಿಡಬಾರದು ಎಂಬುದು ನನ್ನ ನಿಲುವು.

ಮೊದಲು ಲಕ್ಷ್ಮೇಶ್ವರದ ಶಂಖಬಸದಿಗೆ ಬರೋಣ. 968ರ ಶಾಸನವೊಂದು ಗಂಗ ದೊರೆ ಮಾರಸಿಂಹ ಇಲ್ಲಿನ ಜಿನಾಲಯಕ್ಕೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಮಾರಸಿಂಹ ರಾಷ್ಟ್ರಕೂಟರ ಸಾಮಂತ, ಅವರ ಪರವಾಗಿ ದಂಡೆತ್ತಿ ಹೋದ ಸೇನಾನಿ. ಅವನು ಕತ್ತಿ ಹಿಡಿದು ಸೇವೆ ಮಾಡಿದ ಮುಮ್ಮಡಿ ಕೃಷ್ಣ 959ರಲ್ಲಿ ಮೇಲ್ಪಾಟಿಯ ಯುದ್ಧಶಿಬಿರದಿಂದಲೇ ಗಗನಶಿವನೆಂಬ ಶೈವ ಯತಿಗೆ ದಾನ ಕೊಟ್ಟವನು. ಒಡೆಯ ಶೈವ ಯತಿಗಳ ಪೋಷಕ, ಸೇನಾನಿ ಜೈನ ಶ್ರಾವಕ. ಈ ಭೇದ ಸೇವೆಗೆ ಅಡ್ಡ ಬಂದ ಸುಳಿವು ಶಾಸನಗಳಲ್ಲಿಲ್ಲ. ಬದುಕೆಲ್ಲ ರಣರಂಗದಲ್ಲಿ ಕಳೆದ ಮಾರಸಿಂಹ ಕೊನೆಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಸ್ತಂಭಶಾಸನ ಹೇಳುತ್ತದೆ. ಯುದ್ಧವೀರನಿಗೆ ರಣದ ಸಾವೇ ಸಾರ್ಥಕ ಎಂದು ಹಾಡುತ್ತಿದ್ದ ಕಾಲದಲ್ಲಿ ಹಸಿದಿದ್ದು ಪ್ರಾಣ ಬಿಡುವ ದಾರಿಯನ್ನು ಅವನು ಆರಿಸಿಕೊಂಡ. ಆ ಆಯ್ಕೆ ಅವನ ಸ್ವಂತದ್ದು.

ಅಹಿಂಸೆಯೇ ಪರಮಧರ್ಮವೆಂದವರು ಕತ್ತಿ ಹಿಡಿದದ್ದು ಹೇಗೆ ಎಂಬ ಪ್ರಶ್ನೆ ಇಲ್ಲಿ ಸಹಜ. ಜೈನ ಆಚಾರಶಾಸ್ತ್ರ ಮುನಿಗಳಿಗೆ ಮಹಾವ್ರತವನ್ನೂ ಗೃಹಸ್ಥರಿಗೆ ಅಣುವ್ರತವನ್ನೂ ವಿಧಿಸಿತು. ಬೇಕೆಂದೇ ಕೊಲ್ಲುವ ಸಂಕಲ್ಪಹಿಂಸೆ ಶ್ರಾವಕನಿಗೆ ನಿಷಿದ್ಧ. ನಾಡನ್ನೂ ನಂಬಿದವರನ್ನೂ ಕಾಯಲು ಎದುರಾಳಿಯ ಮೇಲೆ ನಡೆಸುವ ವಿರೋಧಿಹಿಂಸೆ ಅವನಿಗೆ ಅನಿವಾರ್ಯವೆಂದು ಒಪ್ಪಲಾಗಿತ್ತು. ಹೀಗೆ ಧರ್ಮವೇ ಯೋಧನಿಗೆ ಜಾಗ ಮಾಡಿಕೊಟ್ಟಿತು, ಸೇನೆಯೂ ಆ ಧರ್ಮಕ್ಕೆ ಜಾಗ ಬಿಟ್ಟಿತು.

ಈ ಮಾತಿಗೆ ಗದಗ ಸೀಮೆಯಲ್ಲಿ ಲಕ್ಕುಂಡಿಯಷ್ಟು ದೊಡ್ಡ ನಿದರ್ಶನ ಬೇರೆಯಿಲ್ಲ. ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿ ಎಂದೇ ನೆನೆಯುತ್ತೇವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಯಿಸಿದಳು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಆದರೆ ಅವಳದು ಅಪ್ಪಟ ಸೈನಿಕ ಮನೆತನವೆಂಬುದನ್ನು ಸಾಹಿತ್ಯಚರಿತ್ರೆಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತವೆ. ತಂದೆ ಮಲ್ಲಪಯ್ಯ ದಂಡನಾಯಕ. ಚಿಕ್ಕಪ್ಪ ಪುನ್ನಮಯ್ಯ ಕಾವೇರಿ ತೀರದ ಕಾಳಗದಲ್ಲಿ ಮಡಿದವನು. ಮಾವ ದಲ್ಲಪ ಚಾಳುಕ್ಯ ತೈಲಪನ ಮಂತ್ರಿ, ಸೇನಾನಿ. ಗಂಡ ನಾಗದೇವನೂ ಸೇನಾನಾಯಕ. ಮಗ ತೈಲನ ಹೆಸರಿಗೇ ಪಡೆವಳ ಎಂಬ ಸೇನಾಪದವಿ ಅಂಟಿಕೊಂಡಿದೆ. ಮೂರು ತಲೆಮಾರಿನ ಈ ದಂಡನಾಯಕರು ಸೇವೆ ಮಾಡಿದ್ದು ವರಾಹಲಾಂಛನದ ಚಾಳುಕ್ಯರಿಗೆ. ಬಸದಿಯ 1007ರ ಶಾಸನ ಇರಿವಬೆಡಂಗ ಸತ್ಯಾಶ್ರಯನ ಕಾಲದ್ದು. ವರಾಹ ಧ್ವಜದಡಿಯಲ್ಲಿ ಕಾದಿದ ಮನೆತನ ಅದೇ ಅರಸನ ಆಳ್ವಿಕೆಯಲ್ಲಿ ಜಿನಬಿಂಬ ನಿಲ್ಲಿಸಿತು. ಸೈನ್ಯದಿಂದ ಬಂದ ಸಂಪತ್ತು, ಪ್ರತಿಷ್ಠೆಗಳೇ ಆ ಬಸದಿಯ ಅಡಿಗಲ್ಲು.

ಹಾಗಾದರೆ ಸೇನೆ ಯೋಧನಿಂದ ಕೇಳಿದ್ದೇನು? ಜೋಳದ ಪಾಳಿ, ವೇಳೆವಾಳಿ, ಲೆಂಕವಾಳಿ ಎಂದು ಶಾಸನಗಳೂ ಕಾವ್ಯಗಳೂ ಮತ್ತೆ ಮತ್ತೆ ಕರೆಯುವ ನಿಷ್ಠೆಯನ್ನು. ಉಂಡ ಅನ್ನದ ಋಣಕ್ಕೆ, ಕೊಟ್ಟ ಮಾತಿಗೆ, ಒಡೆಯನೊಡನೆ ಬದುಕಿ ಒಡೆಯನೊಡನೆ ಸಾಯುವ ಹೊಣೆಗೆ ಯೋಧ ಕಟ್ಟುಬಿದ್ದಿದ್ದ. ಅದು ಇಂದಿನ ಯಾವ ಸೇನಾ ಶಿಸ್ತಿಗಿಂತ ಕಠೋರವಾಗಿತ್ತು. ಆದರೆ ಆ ಋಣ ಇದ್ದದ್ದು ಒಡೆಯನಿಗೆ, ಒಡೆಯನ ದೇವರಿಗಲ್ಲ. ಪಕ್ಕದ ಅಣ್ಣಿಗೇರಿಯಲ್ಲಿ ಹುಟ್ಟಿದನೆನ್ನಲಾದ ಪಂಪನನ್ನೇ ನೋಡಬಹುದು. ಅವನು ತನ್ನ ಒಡೆಯ ಅರಿಕೇಸರಿಯ ಪಕ್ಕದಲ್ಲಿ ನಿಂತು ಕಾದಿದ ಯೋಧ, ತಂದೆಯ ಕಾಲದಲ್ಲಿ ಜೈನಮಾರ್ಗಕ್ಕೆ ಬಂದ ಬ್ರಾಹ್ಮಣ ಮನೆತನದವನು. ಒಡೆಯನನ್ನು ಅರ್ಜುನನಿಗೆ ಹೋಲಿಸಿ ಭಾರತ ಬರೆದ, ತನ್ನ ತೀರ್ಥಂಕರನಿಗಾಗಿ ಆದಿಪುರಾಣ ಬರೆದ. ಎರಡೂ ಋಣಗಳನ್ನು ಬೇರೆ ಬೇರೆಯಾಗಿ ತೀರಿಸಿದ.

ಇದುವರೆಗೆ ಹೇಳಿದ್ದು ದಂಡನಾಯಕರ ಮಾತು. ಕಾಲಾಳಿನ ನಂಬಿಕೆಯನ್ನು ಹುಡುಕಲು ವೀರಗಲ್ಲಿನ ಮುಂದೆ ಕೂಡಬೇಕು. ಸಾಮಾನ್ಯವಾಗಿ ಮೂರು ಅಂತಸ್ತಿನ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು ಬಾಗಿದೆ, ಕುದುರೆ ಮುಂಗಾಲೆತ್ತಿದೆ, ಕೆಲವು ಕಡೆ ಕದ್ದೊಯ್ದ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ತನ್ನ ದೇವರೆದುರು ಕುಳಿತಿದ್ದಾನೆ. ಬಹುಪಾಲು ಕಲ್ಲುಗಳಲ್ಲಿ ಅಲ್ಲಿರುವುದು ಲಿಂಗ, ಪೂಜೆಗೈಯುವ ಯತಿ, ಪಕ್ಕದಲ್ಲಿ ನಂದಿ. ಜೈನ ವೀರನ ಕಲ್ಲಾದರೆ ಅದೇ ಜಾಗದಲ್ಲಿ ಪದ್ಮಾಸನದ ಜಿನ. ಕೆಳಗಿನ ಎರಡು ಅಂತಸ್ತುಗಳಲ್ಲಿ ಹೆಚ್ಚಿನ ಭೇದವಿಲ್ಲ. ಕಾಳಗ ಎಲ್ಲರಿಗೂ ಒಂದೇ, ಸಾವೂ ಒಂದೇ. ಭೇದ ಕಾಣುವುದು ತುತ್ತತುದಿಯ ಅಂಕಣದಲ್ಲಿ. ಆ ಅಂಕಣ ಸತ್ತವನದು, ಅವನ ಮನೆಯವರದು. ಸೈನಿಕನ ಧರ್ಮಸ್ವಾತಂತ್ರ್ಯಕ್ಕೆ ನಮ್ಮ ನಾಡಿನಲ್ಲಿ ದೊರೆಯುವ ಅತ್ಯಂತ ಹಳೆಯ, ಅತ್ಯಂತ ಬಡವರ ದಾಖಲೆಯೆಂದು ನಾನು ಈ ಅಂಕಣವನ್ನು ಓದುತ್ತೇನೆ. ವೀರಗಲ್ಲುಗಳ ಪಟ್ಟಿ ಮಾಡುವವರು ಯುದ್ಧದ ದೃಶ್ಯವನ್ನು ಉದ್ದಕ್ಕೆ ವರ್ಣಿಸಿ ಮೇಲಿನ ಪಟ್ಟಿಕೆಗೆ 'ಕೈಲಾಸದ ದೃಶ್ಯ' ಎಂದಷ್ಟೇ ಬರೆದು ಬಿಡುವುದು ಬೇಸರದ ಸಂಗತಿ.

ಈ ಚಿತ್ರವನ್ನು ಬರೀ ಸೌಹಾರ್ದದ ಕಥೆಯಾಗಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಗದಗ ತಾಲೂಕಿನ ಗಾವರವಾಡದ ಶಾಸನ ಅದಕ್ಕೆ ಅವಕಾಶ ಕೊಡುವುದಿಲ್ಲ. ಇಮ್ಮಡಿ ಸೋಮೇಶ್ವರನ ಕಾಲದ, 1071–72ರ ಈ ಶಾಸನ ಗಂಗ ಬೂತುಗ ಅಣ್ಣಿಗೇರಿಯಲ್ಲಿ ಕಟ್ಟಿಸಿದ್ದ ಬಸದಿಯ ಕಥೆ ಹೇಳುತ್ತದೆ. ಚೋಳನ ಸೇನೆ ಬೆಳ್ವೊಲ ನಾಡಿಗೆ ನುಗ್ಗಿ ಜಿನಾಲಯಗಳನ್ನು ಸುಟ್ಟಿತು. ಆ ಪಾಪದ ಫಲವಾಗಿ ಚೋಳ ರಣದಲ್ಲಿ ಚಾಳುಕ್ಯ ದೊರೆ ತ್ರೈಲೋಕ್ಯಮಲ್ಲನಿಗೆ ತಲೆಯೊಪ್ಪಿಸಿದ ಎನ್ನುತ್ತದೆ ಶಾಸನ. 1054ರ ಕೊಪ್ಪಂ ಕದನದಲ್ಲಿ ಆನೆಯ ಮೇಲೆ ಮಡಿದ ರಾಜಾಧಿರಾಜನ ನೆನಪು ಇಲ್ಲಿದೆ. ಮುಂದೆ ಬೆಳ್ವೊಲ, ಪುಲಿಗೆರೆ ಎರಡನ್ನೂ ಆಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸ ಬಸದಿಯ ದತ್ತಿಗಳನ್ನು ಮತ್ತೆ ನಡೆಯುವಂತೆ ಮಾಡಿದ. ಇದು ಚಾಳುಕ್ಯ ಪಕ್ಷದ ಕಥನ ಎಂಬ ಎಚ್ಚರ ಬೇಕು. ಆದರೂ ಒಂದು ಮಾತು ಸ್ಪಷ್ಟ. ತನ್ನ ಸೈನಿಕನ ನಂಬಿಕೆಯನ್ನು ಮುಟ್ಟದ ಸೇನೆಯೇ ವೈರಿನಾಡಿನ ನಂಬಿಕೆಗೆ ಬೆಂಕಿಯಿಡಬಲ್ಲದಾಗಿತ್ತು. ಒಳಗಿನ ಸಹನೆ ಹೊರಗಿನ ಕ್ರೌರ್ಯವನ್ನು ತಡೆಯಲಿಲ್ಲ. ಸುಟ್ಟ ಬಸದಿ ಮತ್ತೆ ನಿಂತದ್ದು ಸೇನಾಧಿಕಾರವುಳ್ಳವನೊಬ್ಬ ಮುಂದೆ ಬಂದದ್ದರಿಂದ. ಮುಂಡರಗಿ ತಾಲೂಕಿನ ಡಂಬಳದಲ್ಲಿ 1095ರಲ್ಲಿ ವರ್ತಕರು ಬೌದ್ಧ ತಾರಾದೇವಿಗೆ ದತ್ತಿ ಬಿಟ್ಟರು. ಅಂಥ ದತ್ತಿಗಳು ನಡೆದುಕೊಂಡು ಬರಲು ಈ ಸೀಮೆಯ ಪಡೆಗಳು ಕೈಕಟ್ಟಿ ನಿಲ್ಲಬೇಕಾಗಿತ್ತು.

ಆದಿಲಶಾಹಿ ಕಾಲದಲ್ಲಿ ಚಿತ್ರದ ಬಣ್ಣ ಬದಲಾಯಿತು. ಲಕ್ಷ್ಮೇಶ್ವರದಲ್ಲಿ ವಿಜಾಪುರದ ಅಧಿಕಾರಿ ಅಂಕುಶಖಾನ 1617ರಲ್ಲಿ ಜುಮ್ಮಾ ಮಸೀದಿ ಕಟ್ಟಿಸಿದ. ಸೋಮೇಶ್ವರ ಗುಡಿ, ಶಂಖಬಸದಿ, ಈ ಮಸೀದಿ ಒಂದೇ ಊರಿನೊಳಗೆ ಇಂದಿಗೂ ನಿಂತಿವೆ. ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಪರಂಪರೆ ವಿಜಾಪುರದ ಸೂಫಿ ಸಂತ ಅಮೀನುದ್ದೀನರನ್ನು ನೆನೆಯುತ್ತದೆ. ಅಲ್ಲಿನ ಸ್ವಾಮಿಗಳ ಹೆಸರಿನಲ್ಲೇ ಫಕೀರನೂ ಸಿದ್ಧರಾಮನೂ ಜೊತೆಗಿದ್ದಾರೆ. ಸಿಪಾಯಿಗಳೂ ದೇಸಾಯರ ಕಾವಲುಗಾರರೂ ಬದುಕಿದ್ದು ಇಂಥ ಊರುಗಳ ನಡುವೆ.

ಬ್ರಿಟಿಷರ ಕಾಲಕ್ಕೆ ಬಂದಾಗ ಸೈನಿಕನ ಧರ್ಮ ಮೊದಲ ಸಲ ಕಡತಕ್ಕೆ ಸೇರಿತು. 1806ರ ವೆಲ್ಲೂರಿನಲ್ಲಿ ಹಣೆಯ ನಾಮ ಅಳಿಸಬೇಕು, ಗಡ್ಡ ಬೋಳಿಸಬೇಕು, ಹೊಸ ಮಾದರಿಯ ಪೇಟ ತೊಡಬೇಕು ಎಂಬ ಆಜ್ಞೆಗೆ ಮದರಾಸು ಸೇನೆಯ ಸಿಪಾಯಿಗಳು ರಕ್ತದಲ್ಲಿ ಉತ್ತರ ಕೊಟ್ಟರು. 1857ರ ಕಾಡತೂಸಿನ ಕಥೆ ಎಲ್ಲರಿಗೂ ಗೊತ್ತು. ಮರುವರ್ಷ ಈ ಸೀಮೆಯಲ್ಲೇ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ. ಅದೇ ವರ್ಷದ ನವೆಂಬರ್ 1ರಂದು ಬ್ರಿಟಿಷ್ ರಾಣಿಯ ಘೋಷಣೆ ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಮಾತು ಕೊಟ್ಟಿತು. ಆದರೆ ಸೇನೆಯಲ್ಲಿ ನಡೆದದ್ದು ಬೇರೆ. ಜಾತಿ, ಪಂಥಗಳನ್ನು ನೋಡಿ ಪಡೆಗಳನ್ನು ಕಟ್ಟಿದರು, ಪ್ರತಿ ತುಕಡಿಗೂ ಅದರದೇ ದೇವರು, ಅದರದೇ ಜಯಘೋಷ ಬಂತು. ಸಿಖ್ ಜವಾನ ಕೇಶ ಉಳಿಸಿಕೊಳ್ಳುವುದು ಅವನ ಹಕ್ಕಾಗಿದ್ದಷ್ಟೇ ಅಲ್ಲ, ಪಡೆಯ ಕಟ್ಟಳೆಯೂ ಆಯಿತು. ಮಧ್ಯಕಾಲದ ದಂಡನಾಯಕ ತನ್ನ ದೇವರನ್ನು ತಾನೇ ಆರಿಸಿಕೊಂಡು ಸೇನೆಗೆ ಬರುತ್ತಿದ್ದ. ಹೊಸ ಸೇನೆಯಲ್ಲಿ ತುಕಡಿಯೇ ದೇವರನ್ನು ಆರಿಸಿಟ್ಟಿರುತ್ತಿತ್ತು. ನನ್ನ ದೃಷ್ಟಿಯಲ್ಲಿ ಇದೇ ಈ ಇತಿಹಾಸದ ನಿರ್ಣಾಯಕ ತಿರುವು.

ಸ್ವತಂತ್ರ ಭಾರತದ ಸೇನೆ ಈ ಪರಂಪರೆಯ ಒಳ್ಳೆಯದನ್ನೂ ತೊಡಕನ್ನೂ ಒಟ್ಟಿಗೇ ಪಡೆದುಕೊಂಡಿತು. ಉತ್ತರ ಕರ್ನಾಟಕದ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಸೇರುವ ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ, ಅದರ ರಣಘೋಷ ಛತ್ರಪತಿ ಶಿವಾಜಿಯ ಹೆಸರಿನದು. ಪಂಡಿತ, ಮೌಲ್ವಿ, ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು ಇವರೆಲ್ಲ ಕಿರಿಯ ನಿಯುಕ್ತ ಅಧಿಕಾರಿಗಳ ದರ್ಜೆಯ ಧರ್ಮಶಿಕ್ಷಕರಾಗಿ ಸೇನೆಯಲ್ಲಿದ್ದಾರೆ. ಅನೇಕ ನೆಲೆಗಳಲ್ಲಿ ಒಂದೇ ಸೂರಿನಡಿ ಎಲ್ಲ ಧರ್ಮಗಳ ಪೂಜೆಗೆ ಸರ್ವಧರ್ಮ ಸ್ಥಳಗಳಿವೆ. ಜಗತ್ತಿನ ಬೇರೆ ಸೇನೆಗಳು ಇದನ್ನು ನೋಡಿ ಕಲಿಯಬಹುದು. ವಾರದ ಮಂದಿರ ಪರೇಡ್ ಎಂಬ ರೂಢಿಯಲ್ಲಿ ಜವಾನರೂ ಅಧಿಕಾರಿಗಳೂ ಒಟ್ಟಾಗಿ ಪ್ರಾರ್ಥನೆಗೆ ಹೋಗುತ್ತಾರೆ. ತುಕಡಿಯ ದೇವರನ್ನೇ ಅಧಿಕಾರಿಯೂ ತನ್ನದೆಂದುಕೊಳ್ಳುವುದು ನಾಯಕತ್ವದ ಲಕ್ಷಣವೆಂದು ಸೇನೆ ನಂಬುತ್ತದೆ. ಸಾವಿನ ಅಂಚಿನಲ್ಲಿ ಜೊತೆ ನಿಲ್ಲುವವರ ನಡುವಿನ ಆ ಬಂಧದ ಬಗ್ಗೆ ಹಗುರಾಗಿ ಮಾತಾಡುವ ಹಕ್ಕು ನಾಗರಿಕರಾದ ನಮಗಿಲ್ಲ.

ಆ ಬಂಧ ಬಿಗಿಯಾದಾಗ ಏನಾಗುತ್ತದೆಂಬುದಕ್ಕೆ ಎರಡು ತೀರ್ಪುಗಳಿವೆ. ಗಡ್ಡ ಬಿಡಲು ಅನುಮತಿ ಕೇಳಿದ ಮುಸ್ಲಿಂ ವಾಯುಸೈನಿಕನ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಕೂದಲು ತೆಗೆಯುವುದನ್ನು ಧರ್ಮವೇ ನಿಷೇಧಿಸಿದ್ದರೆ ಮಾತ್ರ ವಾಯುಪಡೆಯ ನಿಯಮ ವಿನಾಯಿತಿ ಕೊಡುತ್ತದೆ ಎಂಬುದು ಅಲ್ಲಿನ ತರ್ಕ. ಎರಡನೆಯದು ಇನ್ನೂ ತೂಕದ್ದು. ಸಿಖ್ ಜವಾನರ ತುಕಡಿಯಲ್ಲಿದ್ದ ಕ್ರೈಸ್ತ ಲೆಫ್ಟಿನೆಂಟ್ ಒಬ್ಬರು ಜವಾನರೊಡನೆ ಮಂದಿರ, ಗುರುದ್ವಾರಗಳಿಗೆ ಹೋಗುತ್ತಿದ್ದರು, ಆದರೆ ಗರ್ಭಗುಡಿಯೊಳಗೆ ಹೋಗಿ ಪೂಜೆಯಲ್ಲಿ ಪಾಲ್ಗೊಳ್ಳಲು ಒಪ್ಪಲಿಲ್ಲ. 2021ರಲ್ಲಿ ಅವರನ್ನು ಸೇವೆಯಿಂದ ತೆಗೆಯಲಾಯಿತು. 2025ರ ಮೇ 30ರಂದು ದೆಹಲಿ ಉಚ್ಚ ನ್ಯಾಯಾಲಯ, ನವೆಂಬರ್ 25ರಂದು ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿದವು. ಮೇಲಧಿಕಾರಿಯ ಆಜ್ಞೆಗಿಂತ ಸ್ವಂತ ನಂಬಿಕೆಯನ್ನು ಮೇಲಿಟ್ಟದ್ದು ಅಶಿಸ್ತು ಎಂಬುದು ತೀರ್ಪಿನ ತಿರುಳು.

ನ್ಯಾಯಾಲಯಗಳ ಮಾತಿಗೆ ಸಂವಿಧಾನದ 33ನೆಯ ಅನುಚ್ಛೇದದ ಬೆಂಬಲವಿದೆ. ಸೈನಿಕರ ಮೂಲಭೂತ ಹಕ್ಕುಗಳನ್ನು ಕಾನೂನಿನ ಮೂಲಕ ಮೊಟಕುಗೊಳಿಸುವ ಅಧಿಕಾರವನ್ನು ಅದು ಸಂಸತ್ತಿಗೆ ಕೊಟ್ಟಿದೆ. ಆದರೆ ಆ ಅಧಿಕಾರದಡಿ ರೂಪುಗೊಂಡ 1950ರ ಸೇನಾ ಕಾಯಿದೆಯ 21ನೆಯ ಕಲಮು ಏನನ್ನು ಹೆಸರಿಸಿದೆ ನೋಡಬೇಕು: ಸಂಘ ಕಟ್ಟುವುದು, ಸಭೆ-ಪ್ರದರ್ಶನಗಳಿಗೆ ಹೋಗುವುದು, ಪತ್ರಿಕೆಗಳೊಡನೆ ಮಾತಾಡುವುದು. ಪೂಜೆಯ ಮಾತು ಅಲ್ಲಿಲ್ಲ. 64ನೆಯ ಕಲಮು ಇನ್ನೊಬ್ಬರ ಧಾರ್ಮಿಕ ಭಾವನೆಗೆ ಬೇಕೆಂದೇ ನೋವುಂಟುಮಾಡುವುದನ್ನು ಅಪರಾಧವೆನ್ನುತ್ತದೆ. ಪೂಜೆಗೆ ಅಡ್ಡಿ ಮಾಡದೆ, ಗೌರವದಿಂದ ಹೊಸ್ತಿಲ ಹೊರಗೆ ನಿಂತವನ ಬಗ್ಗೆ ಅದೂ ಮಾತಾಡುವುದಿಲ್ಲ. ಕಾಯಿದೆಯ ಈ ಮೌನವನ್ನು ರೂಢಿ ತುಂಬಿದೆ. ಹಾಗೆ ತುಂಬುವುದು ಸರಿಯಲ್ಲವೆಂದೇ ನನ್ನ ವಾದ. ಪ್ರಾಣ ಕೊಡಲು ಸಿದ್ಧನಿರುವವನಿಂದ ಪೂಜೆಯನ್ನೂ ಆಜ್ಞೆಯ ಮೂಲಕ ಪಡೆಯಬೇಕೆಂದಾದರೆ ಸಂಸತ್ತು ಅದನ್ನು ಚರ್ಚಿಸಿ ಬಾಯಿಬಿಟ್ಟು ಬರೆಯಲಿ. ಹಾಗೆ ಬರೆಯುವವರೆಗೆ, ಮಂದಿರ ಪರೇಡಿನಲ್ಲಿ ಹಾಜರಿ ಎಲ್ಲಿಗೆ ಮುಗಿಯುತ್ತದೆ, ಆರಾಧನೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಸೇನಾ ಮುಖ್ಯ ಕಚೇರಿ ಲಿಖಿತ ಸೂಚನೆಯಲ್ಲಿ ಗೆರೆ ಎಳೆದು ಹೇಳಬೇಕು.